ತಂತಿಯ ಜಾಡು ಹಿಡಿದು: ಶಿವನಸಮುದ್ರದಿಂದ ಕಾವಲೂರಿನವರೆಗೆ

ಬೇಸಿಗೆ ರಜೆ ಬಂದಕೂಡಲೇ ನಮ್ಮ ಬಡಾವಣೆಯ ಗೋಡೆಗಳ ಮೇಲೆ ರೋಬೋಟಿಕ್ಸ್ ಶಿಬಿರ, ಕೋಡಿಂಗ್ ಶಿಬಿರಗಳ ಭಿತ್ತಿಪತ್ರಗಳು ಸಾಲುಗಟ್ಟುತ್ತವೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಅವುಗಳ ಬಗ್ಗೆ ದ್ವೇಷವಿಲ್ಲ. ಆದರೆ ರಜೆಯಲ್ಲಿಯೂ ಮಕ್ಕಳು ನಾಲ್ಕು ಗೋಡೆಗಳ ನಡುವೆ ಪರದೆ ನೋಡುತ್ತಾ ಕೂರುವುದಾದರೆ ಅದಕ್ಕೆ ಶಾಲೆಯೇ ಸಾಕಲ್ಲವೇ ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಹಾಗಾಗಿ ಈ ಸಲ ಮೇ ತಿಂಗಳ ಅಮಾವಾಸ್ಯೆಯ ಆಸುಪಾಸಿಗೆ ಹೊಂದಿಸಿಕೊಂಡು, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದಿದ್ದ ಒಂದು ಹಳೆಯ ವಿದ್ಯುತ್ ತಂತಿಯ ಜಾಡಿನಲ್ಲಿ ಹೋಗಿ, ಅಲ್ಲಿಂದ ಮುಂದೆ ತಮಿಳುನಾಡಿನ ಕಾವಲೂರಿನ ಖಗೋಳ ವೀಕ್ಷಣಾಲಯವನ್ನೂ ನೋಡಿಬರೋಣವೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು. ಪತಿ, ಒಂಬತ್ತನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ ಮೇಲ್ವಿಚಾರಕರಾಗಿ ನಿವೃತ್ತರಾದ ನನ್ನ ಅಪ್ಪ, ನಾನು. ಕಾರಿನ ಹಿಂಬದಿಯಲ್ಲಿ ಬಟ್ಟೆಗಳಿಗಿಂತ ಹೆಚ್ಚು ಜಾಗ ಹಿಡಿದದ್ದು ಆರು ಇಂಚಿನ ದೂರದರ್ಶಕ ಮತ್ತು ಉಪಗ್ರಹಗಳ ಸಂಕೇತ ಹಿಡಿಯುವ ನಮ್ಮ ಆಂಟೆನಾದ ಸಾಮಾನು.

ಗುರುವಾರ: ಶಿವನಸಮುದ್ರ

ಕನಕಪುರ ರಸ್ತೆಯಲ್ಲಿ ಬೆಳಗಿನ ಆರು ಗಂಟೆಗೆ ಮುಂಚೆ ನಗರ ದಾಟಿದರೆ ಸಾತನೂರು, ಹಲಗೂರಿನ ಹಾದಿ ಬಹಳ ಹಿತವಾಗಿರುತ್ತದೆ. ಬಿಸಿಲೇರಿದ ಮೇಲೆ ಅದೇ ರಸ್ತೆ ಕಣ್ಣು ಕುಕ್ಕುತ್ತದೆ. ಸಾತನೂರು ದಾಟುತ್ತಿದ್ದಂತೆ ಅಪ್ಪ ಮಕ್ಕಳಿಗೆ ಒಂದು ಆಟ ಕಲಿಸಿದರು. ಗೋಪುರಗಳಲ್ಲಿ ತಂತಿ ತೂಗುಹಾಕಿರುವ ಪಿಂಗಾಣಿ ಬಿಲ್ಲೆಗಳನ್ನು ಎಣಿಸಿ, ಆ ಲೈನಿನ ವಿದ್ಯುತ್ ಒತ್ತಡ, ಅಂದರೆ ವೋಲ್ಟೇಜ್, ಎಷ್ಟೆಂದು ಹೇಳುವುದು. ಐದಾರು ಬಿಲ್ಲೆಗಳಿದ್ದರೆ 66 ಕೆ.ವಿ. (66 ಸಾವಿರ ವೋಲ್ಟ್), ಹದಿಮೂರು ಹದಿನಾಲ್ಕಿದ್ದರೆ 220 ಕೆ.ವಿ. ಕಿಟಕಿಗೆ ಮುಖ ಹಚ್ಚಿ ಕುಳಿತ ಮಗ ಮಳವಳ್ಳಿ ಕಡೆಯ ತಿರುವು ಬರುವಷ್ಟರಲ್ಲಿ ದೂರದಿಂದಲೇ ಗುರುತಿಸುವಷ್ಟು ಪಳಗಿಬಿಟ್ಟಿದ್ದ. ಪ್ರಯಾಣದುದ್ದಕ್ಕೂ ಮೊಬೈಲ್ ಕೇಳದೆ ಮಕ್ಕಳನ್ನು ಕೂರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಗಗನಚುಕ್ಕಿಯ ವೀಕ್ಷಣಾ ಕಟ್ಟೆಯಲ್ಲಿ ನಿಂತಾಗ ಮಗಳ ಮುಖ ಸಪ್ಪಗಾಯಿತು. ಮೇ ತಿಂಗಳಲ್ಲಿ ಅಲ್ಲಿ ಕಾಣುವುದು ಬಿಸಿಲಿಗೆ ಕಾದ ಕಪ್ಪು ಬಂಡೆಗಳ ಮೇಲೆ ಅಲ್ಲಲ್ಲಿ ಇಳಿಯುವ ನೀರಿನ ಎಳೆಗಳು ಮಾತ್ರ. ಎಳನೀರು ಕೊಚ್ಚಿಕೊಡುತ್ತಿದ್ದ ಹಿರಿಯರೊಬ್ಬರು ಅವಳನ್ನು ಸಮಾಧಾನಪಡಿಸಿದರು: "ಜುಲೈ ತಿಂಗ್ಳಲ್ಲಿ ಬಾವ್ವ, ಆಗ ನೋಡ್ಬೇಕು. ಪಕ್ಕದೋರು ಮಾತಾಡಿದ್ರೂ ಕೇಳ್ಸಾಕಿಲ್ಲ." ನೀರೆಲ್ಲ ಎಲ್ಲಿ ಹೋಯಿತು ಎಂದು ಮಗಳು ಕೇಳಿದಾಗ ಅವರು ಮಚ್ಚಿನ ತುದಿಯಿಂದಲೇ ದಿಕ್ಕು ತೋರಿಸಿ, "ನಾಲೆಗೋಯ್ತು, ಕರೆಂಟಾಗೋಕೆ" ಎಂದರು. ಎರಡೇ ಮಾತಿನಲ್ಲಿ ಇಡೀ ಯೋಜನೆಯ ಸಾರ ಬಂದಿತ್ತು. ಜಲಪಾತಕ್ಕೆ ಮೊದಲೇ ನದಿಗೆ ಅಡ್ಡಗಟ್ಟಿ, ನೀರನ್ನು ನಾಲೆಯಲ್ಲಿ ತಿರುಗಿಸಿ, ಬೆಟ್ಟದ ಅಂಚಿನಿಂದ ದೊಡ್ಡ ಕೊಳವೆಗಳಲ್ಲಿ ಕೆಳಗಿನ ವಿದ್ಯುದಾಗಾರಕ್ಕೆ ಬಿಡುತ್ತಾರೆ. ವಿದ್ಯುದಾಗಾರದೊಳಗೆ ಹೋಗಲು ಮುಂಚಿತವಾಗಿ ಲಿಖಿತ ಅನುಮತಿ ಬೇಕು. ಅದು ಇಲ್ಲದವರಿಗೆ ನಾಲೆಯ ಬದಿಯ ರಸ್ತೆಯೇ ಸಾಕಷ್ಟನ್ನು ಕಲಿಸುತ್ತದೆ. ಒಣಗಿದ ಜಲಪಾತವನ್ನು ನೋಡಿದ ಕಣ್ಣಿನಿಂದಲೇ ತುಂಬಿ ಹರಿಯುವ ನಾಲೆಯನ್ನು ನೋಡಿದಾಗ ಮಗಳಿಗೆ ಲೆಕ್ಕ ತಾಳೆಯಾಯಿತು.

ಆ ನಾಲೆಯ ದಂಡೆಯ ಮೇಲೆ, ಹೊಂಗೆಯ ಮರದ ನೆರಳಲ್ಲಿ ಕುಳಿತು ಅಪ್ಪ ಕಥೆ ಹೇಳಿದರು. ಕೋಲಾರದ ಚಿನ್ನದ ಗಣಿಗಳು ಆಗ ಉಗಿಯಂತ್ರಗಳಿಂದ ನಡೆಯುತ್ತಿದ್ದವು, ಇಂಧನಕ್ಕೆ ವಿಪರೀತ ಖರ್ಚಾಗುತ್ತಿತ್ತು. ಮೈಸೂರು ಸಂಸ್ಥಾನದ ಎಂಜಿನಿಯರ್ ಆಗಿದ್ದ ಜೋಲಿ ಡಿ ಲೋಟ್ಬಿನಿಯೇರ್ ಅವರು ಕಾವೇರಿಯ ಈ ಧುಮುಕಿನಿಂದ ವಿದ್ಯುತ್ ತೆಗೆದು ಗಣಿಗೆ ಸಾಗಿಸಬಹುದೆಂಬ ಯೋಜನೆ ರೂಪಿಸಿದರು, ದಿವಾನ್ ಶೇಷಾದ್ರಿ ಅಯ್ಯರ್ ಅದಕ್ಕೆ ಬೆನ್ನೆಲುಬಾಗಿ ನಿಂತರು. 1902ರಲ್ಲಿ ಇಲ್ಲಿಂದ ಹೊರಟ ವಿದ್ಯುತ್ ಸುಮಾರು 147 ಕಿ.ಮೀ. ದೂರದ ಗಣಿಯನ್ನು ತಲುಪಿದಾಗ, ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದಾಗಿತ್ತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಶೇಷಾದ್ರಿ ಅಯ್ಯರ್ ಮಾತ್ರ 1901ರಲ್ಲೇ ತೀರಿಕೊಂಡರು. "ಸ್ವಿಚ್ ಹಾಕಿದ್ದನ್ನ ನೋಡೋಕೆ ಆ ಪುಣ್ಯಾತ್ಮ ಇರಲಿಲ್ಲ" ಎಂದು ಹೇಳುವಾಗ ಅಪ್ಪನ ದನಿ ತಗ್ಗಿತು. ಜೀವಮಾನವಿಡೀ ಲೈನು ಎಳೆದವರಿಗೆ, ಎಳೆದ ಲೈನಿಗೆ ವಿದ್ಯುತ್ ಬರುವ ಗಳಿಗೆ ಎಂಥದೆಂದು ಗೊತ್ತಿರುತ್ತದೆ.

ಇಷ್ಟು ದೂರ ಸಾಗಿಸಲು 30,000 ವೋಲ್ಟಿನಷ್ಟು ಒತ್ತಡ ಏಕೆ ಬೇಕಾಯಿತೆಂಬುದನ್ನು ನಾನು ಮಗಳಿಗೆ ನೆಲದ ಮೇಲೆ ಕಡ್ಡಿಯಿಂದ ಬರೆದು ವಿವರಿಸಿದೆ. ಅಷ್ಟೇ ಶಕ್ತಿಯನ್ನು ಎರಡರಷ್ಟು ಒತ್ತಡದಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಅರ್ಧವಾಗುತ್ತದೆ, ತಂತಿ ಬಿಸಿಯಾಗಿ ಪೋಲಾಗುವ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪಠ್ಯಪುಸ್ತಕದಲ್ಲಿ ಅವಳು ಓದಿದ್ದ ಸೂತ್ರವೇ ಅದು. ಮಧ್ಯಾಹ್ನ ಮಳವಳ್ಳಿಯಲ್ಲಿ ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡು, ಸಂಜೆ ಭರಚುಕ್ಕಿಯ ಮೆಟ್ಟಿಲಿಳಿದು ಕಾಲು ನೆನೆಸಿಕೊಂಡು ಬಂದೆವು. ಆ ಮೆಟ್ಟಿಲುಗಳನ್ನು ಹಿರಿಯರೊಂದಿಗೆ ಹೋಗುವವರು ಬಿಸಿಲು ಇಳಿದ ಮೇಲೆಯೇ ಇಳಿಯುವುದು ಒಳ್ಳೆಯದು.

ಶುಕ್ರವಾರ: ಕನಕಪುರ, ಮಾಲೂರು, ಕೆ.ಜಿ.ಎಫ್.

ಅಂದಿನ ತಂತಿಯಂತೆ ನಾವೂ ಕನಕಪುರಕ್ಕೆ ಮರಳಿ, ಹಾರೋಹಳ್ಳಿ, ಆನೇಕಲ್, ಸರ್ಜಾಪುರ, ಮಾಲೂರಿನ ದಾರಿ ಹಿಡಿದೆವು. ಬೆಂಗಳೂರಿನ ಒಳಗೆ ಕಾಲಿಡದೆ ಪೂರ್ವಕ್ಕೆ ದಾಟುವ ಈ ಅಡ್ಡದಾರಿ ಅಲ್ಲಲ್ಲಿ ಕಿತ್ತುಹೋಗಿದೆ. ಲಾರಿಗಳ ಧೂಳೂ ಇದೆ. ಆದರೂ ಹೆದ್ದಾರಿಯಲ್ಲಿ ಸಿಗದ ನೋಟಗಳು ಇಲ್ಲಿ ಸಿಗುತ್ತವೆ. ಹಿಪ್ಪುನೇರಳೆ ತೋಟಗಳು ಮುಗಿದು ಗುಲಾಬಿಯ ಹಸಿರುಮನೆಗಳು ಶುರುವಾಗುತ್ತವೆ, ಅವು ಮುಗಿದು ಮಾಲೂರಿನ ಹೆಂಚಿನ ಕಾರ್ಖಾನೆಗಳ ಚಿಮಣಿಗಳು ಬರುತ್ತವೆ. ಬಂಗಾರಪೇಟೆಯಲ್ಲಿ ಮಕ್ಕಳ ಒತ್ತಾಯಕ್ಕೆ ಪಾನಿಪುರಿ ತಿಂದೆವು. ಊರಿನ ಹೆಸರನ್ನೇ ಹೊತ್ತು ಬೆಂಗಳೂರಿಗೂ ಬಂದಿರುವ ಈ ಪಾನಿಪುರಿಯ ನೀರು ಹಸಿರಾಗಿರುವುದಿಲ್ಲ, ಕುಡಿಯುವ ನೀರಿನಷ್ಟೇ ತಿಳಿಯಾಗಿರುತ್ತದೆ. ಬಾಯಿಗಿಟ್ಟ ಮೇಲೆಯೇ ಖಾರ ತಿಳಿಯುವುದು. ಮಗನ ಕಣ್ಣಲ್ಲಿ ನೀರು ಬಂದರೂ ತಟ್ಟೆ ಕೆಳಗಿಡಲಿಲ್ಲ.

ಕೆ.ಜಿ.ಎಫ್. ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಗಣಿ ಮುಚ್ಚಿದ್ದು 2001ರಲ್ಲಿ. ಅಂದಿನಿಂದ ಒಳಗೆ ಇಳಿಯಲು ಅವಕಾಶವಿಲ್ಲ. ಕಾರ್ಮಿಕರನ್ನು ಹೊತ್ತ ಕೇಜ್ (ಲಿಫ್ಟಿನಂಥ ಪಂಜರ) ಇಳಿಸುತ್ತಿದ್ದ ಕಬ್ಬಿಣದ ಗೋಪುರಗಳನ್ನು ಹೊರಗಿನಿಂದಲೇ ನೋಡಬೇಕು. ಅದಿರಿನಿಂದ ಚಿನ್ನ ಬೇರ್ಪಡಿಸಿ ಉಳಿದ ಮಣ್ಣನ್ನು ಸುರಿದು ಸುರಿದು ಎದ್ದಿರುವ ಸೈನೈಡ್ ಗುಡ್ಡಗಳು ಬಿಸಿಲಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದವು. ಗಾಳಿ ಬೀಸಿದಾಗ ಆ ಪುಡಿ ಹಾರಿ ಮನೆಗಳ ಮೇಲೆ ಕೂರುತ್ತದೆ. ಸಿನಿಮಾದಲ್ಲಿ ನೋಡಿದ ಜಾಗವೆಂದು ಅವುಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರು ಬಹಳ. ಕಾರ್ಮಿಕರ ಸಾಲುಮನೆಗಳ ಕಡೆಗೆ ಹೋಗುವವರು ಕಡಿಮೆ.

ಚಾಂಪಿಯನ್ ರೀಫ್ ಬಳಿಯ ಚಹಾದಂಗಡಿಯೊಂದರಲ್ಲಿ ಅಪ್ಪನ ಪಕ್ಕ ಕುಳಿತವರು ಗಣಿಯಲ್ಲಿ ದುಡಿದು ನಿವೃತ್ತರಾದವರು. ತಮಿಳು ಬೆರೆತ ಕನ್ನಡದಲ್ಲಿ ಅವರು, ಅಪ್ಪ ಇಬ್ಬರೂ ಹಳೆಯ ಸಹೋದ್ಯೋಗಿಗಳ ಹಾಗೆ ಮಾತಿಗಿಳಿದರು. "ಡಿಸೆಂಬರಲ್ಲಿ ಮೇಲೆ ಸ್ವೆಟರ್ ಹಾಕ್ಕೊಂಡು ಕೇಜ್ ಹತ್ತೋದು ಸಾರ್, ಕೆಳಗೆ ಹೋದ್ರೆ ಬನಿಯನ್ನೂ ಬೇಡ. ಬಂಡೆ ಮುಟ್ಟಿದ್ರೆ ಸುಡ್ತಿತ್ತು" ಎಂದರು. ಗಣಿಯ ಅತಿ ಆಳದ ಭಾಗಗಳು ಮೂರು ಕಿಲೋಮೀಟರಿಗೂ ಕೆಳಗಿದ್ದವು. ಭೂಮಿಯೊಳಗೆ ಇಳಿದಷ್ಟೂ ಬಂಡೆ ಬಿಸಿಯಾಗುತ್ತ ಹೋಗುತ್ತದೆ, ತಂಪುಗಾಳಿಯನ್ನು ಯಂತ್ರದಿಂದ ಕಳಿಸದಿದ್ದರೆ ಅಲ್ಲಿ ಕೆಲಸವೇ ಸಾಧ್ಯವಿರಲಿಲ್ಲ. ನಾನು ಕೇಳಬೇಕೆಂದಿದ್ದ ಪ್ರಶ್ನೆ ಬೇರೆಯಾಗಿತ್ತು. ಕೆಳಗೆ ವಿಜ್ಞಾನಿಗಳು ಪ್ರಯೋಗ ನಡೆಸುತ್ತಿದ್ದುದು ಅವರಿಗೆ ನೆನಪಿದೆಯೇ? ಅವರು ಲೋಟ ಕೆಳಗಿಟ್ಟು ನಕ್ಕರು. "ಬಾಂಬೆ ಸೈಂಟಿಸ್ಟ್‌ಗಳು ತಾನೇ ಅಮ್ಮಾ? ಕಬ್ಬಿಣದ ದೊಡ್ಡ ದೊಡ್ಡ ಪೆಟ್ಟಿಗೆ ಇಳಿಸಿದ್ರು. ಚಿನ್ನ ಹುಡುಕೋರಲ್ಲ ಅಂತ ಮಾತ್ರ ನಮಗೆ ಗೊತ್ತಿತ್ತು."

ಆ ಪೆಟ್ಟಿಗೆಗಳ ಕಥೆಗಾಗಿಯೇ ನಾನು ಮಕ್ಕಳನ್ನು ಇಲ್ಲಿಗೆ ಕರೆತಂದದ್ದು. ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯುಯಾನ್ ಎಂಬ ಕಣಗಳು ಹುಟ್ಟಿ ನೆಲದವರೆಗೂ ಬರುತ್ತವೆ. ಒಂದು ಚದರ ಸೆಂಟಿಮೀಟರ್ ಜಾಗದ ಮೂಲಕ ನಿಮಿಷಕ್ಕೆ ಸುಮಾರು ಒಂದು. ಮಗ ತನ್ನ ಅಂಗೈಯನ್ನು ಚೌಕುಳಿ ಪುಸ್ತಕದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದ, ಸ್ಕೇಲಿಟ್ಟು ಅಳೆದ, ಅರ್ಧ ಚೌಕಗಳನ್ನೂ ಜೋಡಿಸಿ ಎಣಿಸಿದ. ಬೆರಳುಗಳೂ ಸೇರಿ ಎಪ್ಪತ್ತರ ಹತ್ತಿರ ಬಂತು. ಅಂದರೆ ಅವನ ಕೈಯ ಮೂಲಕ ಸೆಕೆಂಡಿಗೆ ಒಂದಕ್ಕಿಂತ ತುಸು ಹೆಚ್ಚು ಮ್ಯುಯಾನ್‌ಗಳು ಹಾದುಹೋಗುತ್ತಿವೆ! ಅಂಗೈಯನ್ನು ಬಿಸಿಲಿಗೆ ಒಡ್ಡಿ ಅವನು "ಒಂದು, ಎರಡು, ಮೂರು" ಎಂದು ಎಣಿಸತೊಡಗಿದಾಗ ಚಹಾದಂಗಡಿಯವರೂ ಬಂದು ಕೈ ಚಾಚಿದರು.

ಆ ವಿಜ್ಞಾನಿಗಳು ಹುಡುಕುತ್ತಿದ್ದದ್ದು ನ್ಯೂಟ್ರಿನೋಗಳನ್ನು, ಅಂದರೆ ಬಂಡೆಯನ್ನೂ ಸಲೀಸಾಗಿ ತೂರಿಹೋಗುವ, ಉಪಕರಣಕ್ಕೆ ಸಿಗುವುದೇ ಅಪರೂಪವಾದ ಕಣಗಳನ್ನು. ಅಂಥವನ್ನು ಹುಡುಕುವವರಿಗೆ ಈ ಮ್ಯುಯಾನ್‌ಗಳ ಸಂತೆಯೇ ಅಡ್ಡಿ. ಅದನ್ನು ತಡೆಯಲು ನೆತ್ತಿಯ ಮೇಲೆ ಕಿಲೋಮೀಟರುಗಟ್ಟಲೆ ಬಂಡೆ ಬೇಕು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಕುರುಹನ್ನು ಪತ್ತೆಹಚ್ಚಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಅವು ಸಿಕ್ಕವು. ಜಗತ್ತಿನಲ್ಲಿ ಮೊದಲು ಸಿಕ್ಕದ್ದು ಈ ಎರಡು ಕಡೆ. ಇಂಥ ಊರಿನಲ್ಲಿ ಆ ಪ್ರಯೋಗವನ್ನು ಮಕ್ಕಳಿಗೆ ವಿವರಿಸುವ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಇಲ್ಲಿ ಚಿಕ್ಕದಾದರೂ ಒಂದು ವಿಜ್ಞಾನ ವಸ್ತುಸಂಗ್ರಹಾಲಯ ಬೇಕೇಬೇಕು. ಗಣಿಯೊಂದಿಗೆ ಕೆಲಸ ಕಳೆದುಕೊಂಡ ಊರಿಗೆ ಅದರಿಂದ ನಾಲ್ಕು ಜನರ ಓಡಾಟವಾದರೂ ಬರುತ್ತದೆ.

ಸಂಜೆ ರಾಬರ್ಟ್‌ಸನ್‌ಪೇಟೆಯಲ್ಲಿ ಪರೋಟಾ ತಿನ್ನುತ್ತಿದ್ದಾಗ ಗುಡುಗು ಸಹಿತ ಮಳೆ ಬಂದು ಇಡೀ ಪೇಟೆಯ ವಿದ್ಯುತ್ ಹೋಯಿತು. ಮಕ್ಕಳು ತಾತನ ಮುಖ ನೋಡಿದರು. ತಾತ ಹೊರಗೆ ಇಣುಕಿ, ಸಿಡಿಲಿನ ಅಂತರ ಎಣಿಸಿ, "ಇನ್ನರ್ಧ ಗಂಟೆ" ಎಂದರು. ಬೆಳಕು ಬಂದದ್ದು ಅದಕ್ಕೂ ಮೊದಲೇ.

ಶನಿವಾರ: ಮೂರು ರಾಜ್ಯಗಳ ಹಾದಿ, ಕಾವಲೂರು

ಕುಪ್ಪಂ ದಾರಿಯಾಗಿ ಆಂಧ್ರವನ್ನು ಹಾದು ತಮಿಳುನಾಡಿನ ವಾಣಿಯಂಬಾಡಿಗೆ ಇಳಿದೆವು. ತಿಂಡಿ ಕರ್ನಾಟಕದಲ್ಲಿ, ಕಾಫಿ ಆಂಧ್ರದಲ್ಲಿ, ಊಟ ತಮಿಳುನಾಡಿನಲ್ಲಿ ಆಗುವ ಈ ಹಾದಿ ಮಕ್ಕಳಿಗೆ ಬಹಳ ಹಿಡಿಸಿತು. ಕೆ.ಜಿ.ಎಫ್.ಗೆ ನೀರುಣಿಸಿದ ಬೇತಮಂಗಲದ ಕೆರೆಯನ್ನು ತುಂಬಿಸುವ ಪಾಲಾರ್ ನದಿಯೇ ವಾಣಿಯಂಬಾಡಿಯಲ್ಲೂ ಸಿಗುತ್ತದೆ. ಸೇತುವೆಯ ಮೇಲಿಂದ ಕಂಡದ್ದು ಮರಳು, ಮುಳ್ಳುಪೊದೆ ಅಷ್ಟೇ. ಅಲ್ಲಿನ ಬಿರಿಯಾನಿಯ ಜೊತೆ ಕೊಡುವ ಹುಳಿಹುಳಿಯಾದ ಬದನೆಕಾಯಿ ಗೊಜ್ಜನ್ನು ತಪ್ಪಿಸಬಾರದು. ಶನಿವಾರವಾದ್ದರಿಂದ ಅಪ್ಪ ಪಕ್ಕದ ಹೋಟೆಲಿನಲ್ಲಿ ಮೊಸರನ್ನ ಉಂಡರು. ಆದರೂ ನಾವು ಹೊಗಳಿದ ಗೊಜ್ಜನ್ನು ಬಟ್ಟಲಿನಲ್ಲಿ ತರಿಸಿಕೊಂಡು ರುಚಿ ನೋಡದೆ ಬಿಡಲಿಲ್ಲ.

ಆಲಂಗಾಯಂ ದಾಟಿದ ಮೇಲೆ ರಸ್ತೆ ಜವ್ವಾದು ಬೆಟ್ಟಗಳ ಕಾಡಿಗೆ ಏರುತ್ತದೆ. ಹುಣಸೆಯ ಮರಗಳು, ಮಳೆಯಲ್ಲಿ ನೆನೆದ ಕೆಂಪು ಮಣ್ಣಿನ ವಾಸನೆ, ಅಲ್ಲೊಂದು ಇಲ್ಲೊಂದು ಗುಡಿಸಲು. ಪಟ್ಟಣಗಳ ಬೆಳಕಿನಿಂದ ದೂರವಿರುವ ಈ ಜಾಗವನ್ನು ಖಗೋಳವಿಜ್ಞಾನಿ ವೈನು ಬಪ್ಪು ಅವರು ಖಗೋಳ ವೀಕ್ಷಣೆಗೆಂದು ಆರಿಸಿಕೊಂಡರು. ಭಾರತೀಯ ಖಭೌತ ಸಂಸ್ಥೆಯ ಈ ವೀಕ್ಷಣಾಲಯಕ್ಕೆ ಈಗ ಅವರದೇ ಹೆಸರಿದೆ. ಶನಿವಾರಗಳಂದು ಸಾರ್ವಜನಿಕರನ್ನು ಒಳಗೆ ಬಿಡುತ್ತಾರೆ. ಸಮಯವನ್ನೂ ಹವಾಮಾನವನ್ನೂ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಹತ್ತಿರದಲ್ಲಿ ಹೇಳಿಕೊಳ್ಳುವಂಥ ಹೋಟೆಲುಗಳಿಲ್ಲದ್ದರಿಂದ ರಾತ್ರಿಯ ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ದೊಡ್ಡ ಗುಮ್ಮಟದೊಳಗಿನ ದೂರದರ್ಶಕದ ಕನ್ನಡಿಯ ವ್ಯಾಸ 2.34 ಮೀಟರ್. ಆ ಕನ್ನಡಿಯನ್ನು ಉಜ್ಜಿ, ತಿಕ್ಕಿ, ಹೊಳಪು ಕೊಟ್ಟದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಸಂಸ್ಥೆಯ ಪ್ರಯೋಗಾಲಯದಲ್ಲಿ, ನಾನು ದಿನವೂ ಕಚೇರಿಗೆ ಹೋಗುವ ದಾರಿಯಲ್ಲಿ. ಅದನ್ನು ಹೊತ್ತ ಭಾರೀ ಯಂತ್ರಭಾಗ ವಾಲ್‌ಚಂದ್‌ನಗರದ ಕಾರ್ಖಾನೆಯದು. ಇಷ್ಟು ದೊಡ್ಡ ದೂರದರ್ಶಕವನ್ನು ಇಲ್ಲೇ ಕಟ್ಟಬೇಕೆಂದು ಹಟ ಹಿಡಿದಿದ್ದ ಬಪ್ಪು 1982ರಲ್ಲಿ ತೀರಿಕೊಂಡರು, ದೂರದರ್ಶಕ ಕೆಲಸ ಆರಂಭಿಸಿದ್ದು 1986ರಲ್ಲಿ. ಇದನ್ನು ಕೇಳಿದ ಮಗಳು ತಟ್ಟನೆ ತಾತನ ಕಡೆ ತಿರುಗಿ, "ಶೇಷಾದ್ರಿ ಅಯ್ಯರ್ ಥರಾನೇ" ಎಂದಳು. ಗುರುವಾರ ನಾಲೆಯ ದಂಡೆಯಲ್ಲಿ ಕೇಳಿದ್ದು ಅವಳ ಮನಸ್ಸಿನಲ್ಲಿ ಉಳಿದಿತ್ತು ಎಂಬುದು ನನಗೆ ಆಗ ತಿಳಿಯಿತು.

ಅಲ್ಲಿನ ಒಂದು ಮೀಟರಿನ ಹಳೆಯ ದೂರದರ್ಶಕದ ಸಾಧನೆಯೂ ಸಣ್ಣದಲ್ಲ. 1977ರಲ್ಲಿ ಯುರೇನಸ್ ಗ್ರಹ ಒಂದು ನಕ್ಷತ್ರವನ್ನು ಮರೆಮಾಡುವ ಹೊತ್ತಿನಲ್ಲಿ, ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರದ ಬೆಳಕು ಕ್ಷಣಕಾಲ ಕುಂದಿದ್ದನ್ನು ಇಲ್ಲಿ ದಾಖಲಿಸಿದ್ದರು. ಯುರೇನಸ್‌ಗೆ ಉಂಗುರಗಳಿವೆ ಎಂದು ಗೊತ್ತಾದದ್ದು ಆ ಗಳಿಗೆಯ ವೀಕ್ಷಣೆಗಳಿಂದ. ರಾತ್ರಿಯ ವೀಕ್ಷಣೆಗಾಗಿ ಕಾದೆವು, ಆದರೆ ಸಂಜೆ ಐದಕ್ಕೆ ಕವಿದ ಮೋಡ ಒಂಬತ್ತಾದರೂ ಸರಿಯಲಿಲ್ಲ. ಕಟ್ಟಿ ತಂದಿದ್ದ ಚಪಾತಿಯನ್ನು ಕಾರಿನಲ್ಲೇ ತಿಂದು, ಮಳೆಯಲ್ಲಿ ನಿಧಾನವಾಗಿ ಬೆಟ್ಟ ಇಳಿದು, ತಡರಾತ್ರಿ ನಮ್ಮ ವಸತಿಯಿದ್ದ ಏಲಗಿರಿ ಬೆಟ್ಟದ ಹದಿನಾಲ್ಕು ತಿರುವುಗಳನ್ನು ಹತ್ತಿದೆವು. ಪ್ರತಿ ತಿರುವಿಗೂ ತಮಿಳಿನ ಕವಿಯೊಬ್ಬರ ಅಥವಾ ದಾನಿಯೊಬ್ಬರ ಹೆಸರಿಟ್ಟಿದ್ದಾರೆ. ದೀಪದ ಬೆಳಕಿನಲ್ಲಿ ಫಲಕಗಳನ್ನು ಪತಿ ಓದುತ್ತ ಹೋದಂತೆ ಮಕ್ಕಳು ನಿದ್ದೆ ಹೋದರು.

ಭಾನುವಾರ: ಏಲಗಿರಿ

ಬೆಳಿಗ್ಗೆ ಉಪಗ್ರಹ ಹಿಡಿಯುವ ಕಾರ್ಯಕ್ರಮವಿತ್ತು. ಅಮೆರಿಕದ ಹಳೆಯ ನೋವಾ ಹವಾಮಾನ ಉಪಗ್ರಹಗಳನ್ನು ನಾವು ಮನೆಯ ತಾರಸಿಯಿಂದ ಎಷ್ಟೋ ಸಲ ಆಲಿಸಿದ್ದೆವು. 2025ರಲ್ಲಿ ಅವು ಸೇವೆಯಿಂದ ನಿವೃತ್ತವಾದವು. ಈಗ ಉಳಿದಿರುವುದು ರಷ್ಯಾದ ಮೀಟಿಯಾರ್ ಉಪಗ್ರಹಗಳು. 137.9 ಮೆಗಾಹರ್ಟ್ಸ್‌ನಲ್ಲಿ ಅವು ಕಳಿಸುವ ಚಿತ್ರವನ್ನು ಒಂದು ಪೆನ್‌ಡ್ರೈವ್ ಗಾತ್ರದ ರಿಸೀವರ್, ಲ್ಯಾಪ್‌ಟಾಪ್ ಮತ್ತು ಎರಡು ಅಲ್ಯೂಮಿನಿಯಂ ಕಡ್ಡಿಗಳಿಂದ ಯಾರು ಬೇಕಾದರೂ ಪಡೆಯಬಹುದು. ತಲಾ 53.4 ಸೆಂ.ಮೀ. ಉದ್ದದ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ಅಗಲಿಸಿ, ನೆಲಕ್ಕೆ ಸಮಾಂತರವಾಗಿ, ಉತ್ತರ ದಕ್ಷಿಣಕ್ಕೆ ತಿರುಗಿಸಿ ಇಟ್ಟರೆ ಸಾಕು.

ನಾವು ಕಾಫಿ ಕುಡಿಯುವಷ್ಟರಲ್ಲಿ ಕೋತಿಯೊಂದು ಬಂದು ಒಂದು ಕಡ್ಡಿಯನ್ನು ಕಿತ್ತುಕೊಂಡು ಸಿಲ್ವರ್ ಓಕ್ ಮರ ಏರಿತು. ಉಪಗ್ರಹ ದಿಗಂತಕ್ಕೆ ಬರಲು ಅರ್ಧ ಗಂಟೆಯೂ ಇರಲಿಲ್ಲ. ಮಗ ಅಳುವ ಸ್ಥಿತಿಯಲ್ಲಿದ್ದ. ಅಪ್ಪ ಒಂದು ಮಾತೂ ಆಡದೆ ವಸತಿಗೃಹದ ಕಾವಲುಗಾರರೊಂದಿಗೆ ಹೋಗಿ, ಅವರ ಉಗ್ರಾಣದಿಂದ ಮನೆ ವೈರಿಂಗಿನ ದಪ್ಪ ತಾಮ್ರದ ತಂತಿಯ ತುಂಡೊಂದನ್ನು ತಂದರು. ಚಾಕುವಿನಿಂದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸುಲಿದರು. ತಂತಿಯ ಒಂದು ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿ, ಇನ್ನೊಂದು ತುದಿಯನ್ನು ಪಕ್ಕಡದಲ್ಲಿ ಹಿಡಿದು, ದೇಹದ ಭಾರ ಹಾಕಿ ಒಮ್ಮೆ ಜಗ್ಗಿದರು. ಸುರುಳಿ ಬಿಚ್ಚಿದ ತಂತಿ ಗೆರೆ ಎಳೆದಂತೆ ನೆಟ್ಟಗಾಯಿತು. ಮಗಳು ಟೇಪು ಹಿಡಿದು ಗುರುತು ಹಾಕಿದಳು, ಅಪ್ಪ ಕತ್ತರಿಸಿದರು, ಮಗ ಸ್ಕ್ರೂ ಬಿಗಿದ. ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಆದರೇನು, ಉದ್ದ ಸರಿಯಿದ್ದರೆ ತರಂಗಕ್ಕೆ ಭೇದವಿಲ್ಲ.

ಕೆಲವು ನಿಮಿಷಗಳಲ್ಲಿ ಪರದೆಯ ಮೇಲೆ ಸಂಕೇತದ ಉಬ್ಬು ಎದ್ದಿತು. ಉತ್ತರದಿಂದ ಬರುತ್ತಿದ್ದ ಉಪಗ್ರಹದ ಚಿತ್ರ ಪಟ್ಟಿ ಪಟ್ಟಿಯಾಗಿ ಮೂಡತೊಡಗಿತು. ಮೊದಲು ದಖ್ಖನ್ನಿನ ಒಣ ಬಯಲು, ಆಮೇಲೆ ಪಶ್ಚಿಮ ಕರಾವಳಿಯ ಅಂಚು, ಕೊನೆಗೆ ಶ್ರೀಲಂಕಾ. ಶನಿವಾರ ರಾತ್ರಿ ನಮ್ಮ ಆಕಾಶ ಮುಚ್ಚಿದ್ದ ಮೋಡಗಳ ಗುಂಪು ಪೂರ್ವಕ್ಕೆ ಸರಿದು ಬಂಗಾಳ ಕೊಲ್ಲಿಯ ಮೇಲಿತ್ತು. "ಹಾಗಾದರೆ ಇವತ್ತು ರಾತ್ರಿ ಆಕಾಶ ತಿಳಿಯಾಗಿರುತ್ತದೆ" ಎಂದು ಮಗಳು ತೀರ್ಮಾನ ಕೊಟ್ಟಳು. ತನ್ನ ಕೈಯಾರೆ ಪಡೆದ ಚಿತ್ರದಿಂದ ಹವಾಮಾನ ಹೇಳುವುದೆಂದರೆ ಸಾಮಾನ್ಯ ಸಂಗತಿಯೇ? ನನಗಂತೂ ಹೆಮ್ಮೆಯೆನಿಸಿತು.

ಹಗಲು ಪುಂಗನೂರು ಕೆರೆಯ ಸುತ್ತ ನಡೆದು, ರಸ್ತೆಬದಿಯಲ್ಲಿ ಆಗಷ್ಟೇ ಬಿಡಿಸುತ್ತಿದ್ದ ಹಲಸಿನ ತೊಳೆ ತಿಂದು, ಮಧ್ಯಾಹ್ನ ಎಲ್ಲರೂ ನಿದ್ದೆ ಮಾಡಿದೆವು. ರಾತ್ರಿ ಒಂಬತ್ತಕ್ಕೆ ವಸತಿಗೃಹದವರನ್ನು ಕೇಳಿಕೊಂಡಾಗ ಅಂಗಳದ ದೀಪಗಳನ್ನು ಆರಿಸಿಕೊಟ್ಟರು. ಆಕಾಶ ತೊಳೆದಿಟ್ಟಂತಿತ್ತು. ದಕ್ಷಿಣದ ಬೆಟ್ಟಸಾಲಿನ ಮೇಲೆ ತ್ರಿಶಂಕು ನೇರವಾಗಿ ನಿಂತಿದ್ದ. ವಿಶ್ವಾಮಿತ್ರರ ಕಥೆಯನ್ನು ಅಪ್ಪ ಹೇಳಿದರು, ನಕ್ಷತ್ರಪುಂಜದ ದೂರ ಮತ್ತು ಬಣ್ಣಗಳನ್ನು ಪತಿ ಹೇಳಿದರು, ಮಕ್ಕಳು ಎರಡನ್ನೂ ಸಮಾನ ಆಸಕ್ತಿಯಿಂದ ಕೇಳಿದರು. ನೆತ್ತಿಯ ಹತ್ತಿರ ಕೇಸರಿ ಬಣ್ಣದ ಸ್ವಾತಿ, ಅದರ ಕೆಳಗೆ ನೀಲಿ ಛಾಯೆಯ ಚಿತ್ತಾ. ಸಪ್ತರ್ಷಿ ಮಂಡಲದ ವಸಿಷ್ಠನ ಪಕ್ಕದ ಅರುಂಧತಿಯನ್ನು ಬರಿಗಣ್ಣಿನಲ್ಲಿ ಕಂಡ ಅಪ್ಪ, ದೂರದರ್ಶಕದಲ್ಲಿ ವಸಿಷ್ಠನೇ ಎರಡಾಗಿ ಒಡೆದದ್ದನ್ನು ಕಂಡು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಮದುವೇಲಿ ನಿಮ್ಮಮ್ಮನಿಗೆ ತೋರಿಸಿದಾಗ ಇದು ಗೊತ್ತಿರಲಿಲ್ಲವಲ್ಲ" ಎಂದರು.

ಹತ್ತು ಗಂಟೆ ದಾಟಿದ ಮೇಲೆ ನಾನು ಕಾಯುತ್ತಿದ್ದ ಒಮೇಗಾ ಸೆಂಟಾರಿ ದಕ್ಷಿಣದಲ್ಲಿ ಸಾಕಷ್ಟು ಮೇಲೆ ಬಂತು. ಸುಮಾರು 17,000 ಜ್ಯೋತಿರ್ವರ್ಷ ದೂರದ, ಲಕ್ಷಾಂತರ ನಕ್ಷತ್ರಗಳ ಈ ಗುಚ್ಛ ಯೂರೋಪಿನ ಬಹುಭಾಗದಲ್ಲಿ ದಿಗಂತದ ಮೇಲೆ ಬರುವುದೇ ಇಲ್ಲ. ನಮ್ಮಲ್ಲಿ ಅದು ಮೂವತ್ತು ಡಿಗ್ರಿ ಎತ್ತರಕ್ಕೆ ಏರುತ್ತದೆ. ದಕ್ಷಿಣ ಭಾರತದಲ್ಲಿ ಹುಟ್ಟಿ ಮೇ ತಿಂಗಳಲ್ಲಿ ಒಮ್ಮೆಯೂ ಇದನ್ನು ನೋಡದಿರುವುದು ದೊಡ್ಡ ನಷ್ಟವೆಂದೇ ನನ್ನ ನಂಬಿಕೆ. ಸಾಧಾರಣ ಬೈನಾಕ್ಯುಲರ್ ಇದ್ದರೂ ಸಾಕು, ಮಸುಕಾದ ದುಂಡು ಬೆಳಕಾಗಿ ಕಾಣುತ್ತದೆ. ಆರು ಇಂಚಿನ ಕನ್ನಡಿಯಲ್ಲಿ ಅದರ ಅಂಚು ಬಿಡಿಬಿಡಿ ಚುಕ್ಕಿಗಳಾಗಿ ಒಡೆಯಿತು. ಕಾವಲುಗಾರರನ್ನೂ ಕರೆದು ತೋರಿಸಿದೆವು. ಅವರು ಮನೆಗೆ ಫೋನ್ ಮಾಡಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು, ಹನ್ನೊಂದೂವರೆಯವರೆಗೆ ಅಂಗಳದಲ್ಲಿ ಸಾಲು ನಿಂತಿತ್ತು.

ಸೋಮವಾರ: ಕೃಷ್ಣಗಿರಿಯ ಮೇಲೆ ಮನೆಗೆ

ಕೃಷ್ಣಗಿರಿಯ ಹೆದ್ದಾರಿಯ ಬದಿಯಲ್ಲಿ ಮಾವಿನಹಣ್ಣಿನ ರಾಶಿಗಳಿದ್ದವು. ಹಣ್ಣಾದ ಬಾದಾಮಿಯನ್ನೂ ಉಪ್ಪಿನಕಾಯಿಗೆ ತೋತಾಪುರಿಯನ್ನೂ ಕೊಂಡೆವು. ತಿನ್ನುವ ಹಣ್ಣನ್ನು ಬೆಳಗಿನ ಹೊತ್ತೇ ಕೊಳ್ಳಬೇಕು, ಮಧ್ಯಾಹ್ನದವರೆಗೆ ಬಿಸಿಲಲ್ಲಿಟ್ಟದ್ದು ಮನೆ ತಲುಪುವಷ್ಟರಲ್ಲಿ ಮೆತ್ತಗಾಗುತ್ತದೆ. ಹೊಸೂರಿನ ಬಳಿ ವಾಹನಗಳು ಕಿಕ್ಕಿರಿದು ಒಂದೂವರೆ ಗಂಟೆ ನಿಂತೆವು. ಆ ಹೊತ್ತಿನಲ್ಲಿ ಮಗಳು ಮುಂದಿನ ಪ್ರಸ್ತಾಪವನ್ನು ಮುಂದಿಟ್ಟಳು. ಗೌರಿಬಿದನೂರಿನ ಹತ್ತಿರ ರೇಡಿಯೋ ವೀಕ್ಷಣಾಲಯವಿದೆ, ಅಲ್ಲಿ ಹೊಲದ ತುಂಬ ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಅವುಗಳ ತತ್ತ್ವವೂ ನಮ್ಮ ಎರಡು ಕಡ್ಡಿಗಳದ್ದೇ. ಅನುಮತಿಗೆ ಪತ್ರ ಬರೆಯುವ ಕೆಲಸವನ್ನು ಅವಳಿಗೇ ವಹಿಸಿದೆ. "ಕನ್ನಡದಲ್ಲಿ ಬರೆಯಲೋ ಇಂಗ್ಲಿಷಿನಲ್ಲೋ?" ಎಂದು ಕೇಳಿದಳು. "ಎರಡರಲ್ಲೂ ಬರಿ, ತಾತನ ಹೆಸರೂ ಸೇರಿಸು" ಎಂದು ಹಿಂದಿನ ಸೀಟಿನಿಂದ ಅಪ್ಪನೇ ಉತ್ತರ ಕೊಟ್ಟರು. ಅತ್ತಿಬೆಲೆ ತಲುಪುವಷ್ಟರಲ್ಲಿ ಪತ್ರದ ಕನ್ನಡ ಕರಡು ಸಿದ್ಧವಾಗಿತ್ತು.